ತೈಚಿ, ಶಿಂಗ್‌ಯಿ, ಬಾಗುವಾ: ಯಾವುದರಿಂದ ಆರಂಭ, ಯಾವುದು ಯಾವಾಗ?

ತೈಚಿ, ಶಿಂಗ್‌ಯಿ, ಬಾಗುವಾ ಮೂರೂ ಚೀನಾದ ಯುದ್ಧಕಲೆಗಳು. ತೈಚಿ ಕಲಿಯುತ್ತಿರುವವರು ಮೇಲಿಂದ ಮೇಲೆ ಕೇಳುವ ಪ್ರಶ್ನೆ ಒಂದಿದೆ: “ಇದರ ಜೊತೆಗೆ ಶಿಂಗ್‌ಯಿ, ಬಾಗುವಾ ಕೂಡ ಕಲಿಯಬಹುದೇ? ಮೂರೂ ಒಂದೇ ಎನ್ನುತ್ತಾರಲ್ಲ?” ಕಲಿಯಬಹುದು. ಆದರೆ ಮೂರೂ ಒಂದೇ ಅಲ್ಲ, ಮೂರನ್ನೂ ಒಟ್ಟಿಗೆ ಆರಂಭಿಸುವುದೂ ಸರಿಯಲ್ಲ. ಒಂದು ಕಲೆಯನ್ನು ಗಟ್ಟಿಯಾಗಿ ಹಿಡಿಯಿರಿ. ಅದರಲ್ಲಿ ನಿಮಗೆ ಎಲ್ಲಿ ಕೊರತೆ ಕಾಣುತ್ತದೆಯೋ ಅಲ್ಲಿಗೆ ಬೇಕಾದಷ್ಟನ್ನು ಮಾತ್ರ ಉಳಿದೆರಡರಿಂದ ತಂದುಕೊಳ್ಳಿ. ಆ ಕೆಲಸವನ್ನು ಯಾವ ಕ್ರಮದಲ್ಲಿ ಮಾಡಬೇಕು, ಎಲ್ಲಿ ಎಡವುತ್ತೇವೆ ಎಂಬುದನ್ನು ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ.

ಮೂರೂ ಒಂದೇ ಸಾಲಿಗೆ ಬಂದದ್ದು ಹೇಗೆ

ಚೀನಾದಲ್ಲಿ ಈ ಮೂರನ್ನು ‘ನೇಜಿಯಾ’ ಎಂದು ಕರೆಯುತ್ತಾರೆ. ಆಂತರಿಕ ಕಲೆಗಳ ಪಂಥ ಎಂದು ಇಟ್ಟುಕೊಳ್ಳಿ. ಸ್ನಾಯುಬಲವನ್ನು ಬಿಡಿಬಿಡಿಯಾಗಿ ಬಳಸದೆ, ಇಡೀ ಮೈಯನ್ನು ಒಂದಾಗಿಸಿ, ಸಡಿಲವಾಗಿದ್ದುಕೊಂಡೇ ಬಲ ಹೊಮ್ಮಿಸುವ ಅಭ್ಯಾಸಗಳು ಇವು. ಹೆಸರು ಹಳೆಯದೇ. 1669ರಲ್ಲಿ ಹುವಾಂಗ್ ಜೊಂಗ್‌ಶಿ ಎಂಬ ವಿದ್ವಾಂಸ ಬರೆದ ಸಮಾಧಿಲೇಖವೊಂದರಲ್ಲಿ ಅದು ಸಿಗುತ್ತದೆ. ಆದರೆ ಅಲ್ಲಿ ಈ ಮೂರು ಕಲೆಗಳ ಸುದ್ದಿಯೇ ಇಲ್ಲ.

ಇವು ಹುಟ್ಟಿ ಬೆಳೆದ ಜಾಗಗಳೂ ಬೇರೆ ಬೇರೆ. ತೈಚಿ ಹೆನಾನ್ ಪ್ರಾಂತ್ಯದ ಚೆನ್ ಮನೆತನದ ಹಳ್ಳಿಯಾದ ಚೆನ್‌ಜಿಯಾಗೌನಲ್ಲಿತ್ತು. ಅಲ್ಲಿ ಕಲಿತ ಯಾಂಗ್ ಲುಚಾನ್ ಅದನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಬೀಜಿಂಗ್‌ಗೆ ಒಯ್ದ. ಶಿಂಗ್‌ಯಿ ಶಾನ್‌ಶಿಯಿಂದ ಹೆಬೈ ಪ್ರಾಂತ್ಯಕ್ಕೆ ಹಬ್ಬಿತು. ಬಾಗುವಾವನ್ನು ಬೀಜಿಂಗ್‌ನಲ್ಲಿ ಕಲಿಸಿದವನು 1882ರಲ್ಲಿ ತೀರಿಕೊಂಡ ದೊಂಗ್ ಹೈಚುವಾನ್. ಆ ಶತಮಾನದ ಕೊನೆಗೆ ಬೀಜಿಂಗ್ ಮತ್ತು ಟಿಯಾಂಜಿನ್‌ಗಳ ಗುರುಗಳು ಪರಸ್ಪರ ಕಲಿಯತೊಡಗಿದರು, ಶಿಷ್ಯರನ್ನೂ ಅತ್ತಿತ್ತ ಕಳುಹಿಸತೊಡಗಿದರು. ಶಿಂಗ್‌ಯಿಯ ಗುವೊ ಯುನ್‌ಶೆನ್ ಮತ್ತು ದೊಂಗ್ ಹೈಚುವಾನ್ ಮೂರು ದಿನ ಕಾದಾಡಿ, ಗೆಲುವು ಯಾರದೆಂದು ತೀರ್ಮಾನವಾಗದೆ ಗೆಳೆಯರಾದರು ಎಂಬ ಕಥೆಯನ್ನು ನೀವು ಕೇಳಿರುತ್ತೀರಿ. ಕಥೆ ಚೆನ್ನಾಗಿದೆ, ಆಧಾರವನ್ನು ಮಾತ್ರ ಕೇಳಬೇಡಿ.

ಆಧಾರವಿರುವ ಉದಾಹರಣೆ ಸುನ್ ಲುಟಾಂಗ್‌ನದು (1860–1933). ಆತ ಮೊದಲು ಶಿಂಗ್‌ಯಿ ಕಲಿತ, ಆಮೇಲೆ ಚೆಂಗ್ ಟಿಂಗ್‌ಹುವಾನ ಬಳಿ ಬಾಗುವಾ. ಐವತ್ತು ದಾಟಿದ ಮೇಲೆ ಹಾವ್ ವೈಜೆನ್‌ನಿಂದ ತೈಚಿ. ಮೂರನ್ನೂ ಅರಗಿಸಿಕೊಂಡು ‘ಸುನ್ ಶೈಲಿಯ ತೈಚಿ’ಯನ್ನು ರೂಪಿಸಿದ. 1928ರಲ್ಲಿ ನಾನ್‌ಜಿಂಗ್‌ನಲ್ಲಿ ಸರ್ಕಾರಿ ಕೇಂದ್ರೀಯ ಯುದ್ಧಕಲಾ ಸಂಸ್ಥೆ ಆರಂಭವಾದಾಗ ಈ ಮೂರನ್ನೂ ‘ವುಡಾಂಗ್’ (ಆಂತರಿಕ) ವಿಭಾಗದಲ್ಲಿ ಸೇರಿಸಿ, ಉಳಿದವನ್ನು ‘ಶಾವೊಲಿನ್’ (ಬಾಹ್ಯ) ವಿಭಾಗಕ್ಕೆ ಹಾಕಿದರು. ಎರಡೂ ವಿಭಾಗಗಳ ನಡುವೆ ಜಗಳ ಹತ್ತಿ ಆ ವಿಂಗಡಣೆ ಬಹುಬೇಗ ರದ್ದಾಯಿತು. ಒಳಗಿನದು, ಹೊರಗಿನದು ಎಂಬ ಗೆರೆ ಎಷ್ಟು ತೆಳುವೆಂದು ಅಲ್ಲಿದ್ದವರಿಗೇ ಗೊತ್ತಿತ್ತು.

ಒಂದೇ ತಳ್ಳಿಗೆ ಮೂರು ಉತ್ತರ

ಇವು ಒಂದಕ್ಕೊಂದು ಪೂರಕ ಎಂಬ ಮಾತನ್ನು ಎಲ್ಲರೂ ಹೇಳುತ್ತಾರೆ; ಹೇಗೆ ಎಂದು ಹೇಳುವವರು ಕಡಿಮೆ. ಎದುರಿನವನು ಬಲಗೈಯಿಂದ ನಿಮ್ಮ ಎದೆಯನ್ನು ಜೋರಾಗಿ ತಳ್ಳಿದ ಎಂದುಕೊಳ್ಳಿ.

ತೈಚಿಯವನು ಆ ಕೈಗೆ ತನ್ನ ಕೈ ತಾಗಿಸಿ ಅಂಟಿಕೊಳ್ಳುತ್ತಾನೆ. ಎದುರಿಸುವುದಿಲ್ಲ, ಕುಸಿಯುವುದೂ ಇಲ್ಲ. ಸೊಂಟ ತಿರುಗಿದಂತೆ ತಳ್ಳಿನ ಬಲ ಪಕ್ಕಕ್ಕೆ ಹರಿದುಹೋಗುತ್ತದೆ. ಮುಂದಕ್ಕೆ ವಾಲಿದವನು ಸಾವರಿಸಿಕೊಳ್ಳಲು ಹಿಂದೆ ಸರಿಯುವ ಕ್ಷಣದಲ್ಲಿ ಅದೇ ದಿಕ್ಕಿಗೆ ಅವನನ್ನು ತಳ್ಳುತ್ತಾನೆ. ಎದುರಾಳಿಯ ಬಲದ ದಿಕ್ಕನ್ನೂ ಪ್ರಮಾಣವನ್ನೂ ಚರ್ಮದ ಮೂಲಕ ಅರಿಯುವ ಈ ಕೌಶಲಕ್ಕೆ ‘ಟಿಂಗ್ ಜಿನ್’, ಬಲವನ್ನು ಆಲಿಸುವುದು, ಎಂದು ಹೆಸರು.

ಶಿಂಗ್‌ಯಿಯವನು ಕಾಯುವುದಿಲ್ಲ. ತಳ್ಳು ಹೊರಟ ಕ್ಷಣದಲ್ಲೇ ನೇರ ಒಳನುಗ್ಗುತ್ತಾನೆ. ಮುಂಗೈ ಎದುರಾಳಿಯ ಕೈಯನ್ನು ಸೀಳಿಕೊಂಡು ಮೇಲೇರುತ್ತದೆ, ಪಾದ ಅವನ ಎರಡು ಕಾಲುಗಳ ನಡುವೆ ಬೀಳುತ್ತದೆ, ಇನ್ನೊಂದು ಕೈ ಇಳಿಯುತ್ತದೆ. ತಡೆಯೂ ಹೊಡೆತವೂ ಒಂದೇ ಚಲನೆ. ಗುವೊ ಯುನ್‌ಶೆನ್ ಬರೀ ಅರ್ಧ ಹೆಜ್ಜೆ ಹಾಕಿ ಹೊಡೆಯುವ ‘ಬೆಂಗ್’ ಗುದ್ದಿನಿಂದಲೇ ಹೆಸರಾಗಿದ್ದ.

ಬಾಗುವಾದವನು ಆ ಗೆರೆಯ ಮೇಲೆ ಇರುವುದೇ ಇಲ್ಲ. ಒಂದು ಪಾದ ಒಳಕ್ಕೆ, ಇನ್ನೊಂದು ಹೊರಕ್ಕೆ ತಿರುಗಿ, ಆತ ಎದುರಾಳಿಯ ಪಕ್ಕಕ್ಕೋ ಬೆನ್ನಿಗೋ ಬಂದಿರುತ್ತಾನೆ. ಅಂಗೈ ಕುತ್ತಿಗೆಯ ಮೇಲೆ ಬೀಳುತ್ತದೆ ಅಥವಾ ಎಸೆತ ಸಿದ್ಧವಾಗುತ್ತದೆ.

ಇನ್ನು ಕೊರತೆಗಳ ಕಡೆ ನೋಡಿ. ಬರೀ ತೈಚಿ ಮಾಡಿದವನಿಗೆ ಕೈ ತಾಗಿದ ಮೇಲೆ ಎಲ್ಲವೂ ಗೊತ್ತು. ತಾಗುವವರೆಗಿನ ಅಂತರವನ್ನು ದಾಟುವುದು ಹೇಗೆಂದು ಗೊತ್ತಿರುವುದಿಲ್ಲ. ಬರೀ ಶಿಂಗ್‌ಯಿಯವನು ತನಗಿಂತ ಭಾರವಾದವನ ಎದುರು ಅದೇ ಗೆರೆಯಲ್ಲಿ ಸಿಕ್ಕಿಬೀಳುತ್ತಾನೆ. ಬರೀ ಬಾಗುವಾದವನು ಚೆಂದವಾಗಿ ಸುತ್ತುತ್ತಾನೆ, ಆದರೆ ನೆಲದಿಂದ ಬಲ ಬರದಿದ್ದರೆ ಅದು ನೃತ್ಯವಾಗುತ್ತದೆ. ಒಂದರ ಕೊರತೆ ಇರುವ ಕಡೆಯಲ್ಲೇ ಇನ್ನೊಂದು ಹೆಚ್ಚು ಹೊತ್ತು ಬೆವರು ಸುರಿಸುತ್ತದೆ. ಪೂರಕ ಎಂದರೆ ಇಷ್ಟೇ.

“ತೈಚಿಯಲ್ಲೂ ಐದು ಬಗೆಯ ಹೆಜ್ಜೆಗಳಿವೆ, ಬಾಗುವಾದಲ್ಲೂ ನೇರ ಗೆರೆಯ ಅಭ್ಯಾಸಗಳಿವೆ” ಎಂದು ಆಯಾ ಪರಂಪರೆಯವರು ತಕರಾರು ತೆಗೆಯುತ್ತಾರೆ. ಒಪ್ಪುತ್ತೇನೆ. ಎಲ್ಲದರಲ್ಲೂ ಎಲ್ಲವೂ ಇದೆ. ಆದರೆ ಮೊದಲ ಐದು ವರ್ಷ ಗುರು ಯಾವುದನ್ನು ತಿದ್ದುತ್ತಾ ಕೂರುತ್ತಾನೆ ಎಂಬುದು ಬೇರೆ ಬೇರೆ.

ಬೇಕಾದವು

ಹತ್ತು ಅಡಿ ಉದ್ದಗಲದ ಸಮತಟ್ಟಾದ ಜಾಗ. ನುಣುಪಾದ ಗ್ರಾನೈಟ್ ನೆಲ ಬೇಡ. ಮಳೆಗಾಲದಲ್ಲಿ ಪಾಚಿ ಕಟ್ಟಿದ ತಾರಸಿಯಂತೂ ಬೇಡವೇ ಬೇಡ. ತೆಳು ಅಡಿಯ ಕ್ಯಾನ್ವಾಸ್ ಶೂ ಸಾಕು. ಓಟಕ್ಕೆಂದು ಮಾಡಿದ ದಪ್ಪ ಮೆತ್ತೆಯ ಶೂ ಹಾಕಿದರೆ ಅಂಗಾಲಿಗೆ ನೆಲ ಸಿಗುವುದಿಲ್ಲ, ತಿರುಗುವಾಗ ಅಡಿಭಾಗ ನೆಲವನ್ನು ಕಚ್ಚಿ ಮಂಡಿಗೆ ಏಟು ಬೀಳುತ್ತದೆ. ದಿನಕ್ಕೆ ಅರ್ಧ ಗಂಟೆ. ಮಂಡಿ ಸವೆದವರು, ಸೊಂಟದ ಡಿಸ್ಕ್ ತೊಂದರೆ ಇರುವವರು, ತಲೆಸುತ್ತು ಬರುವವರು ಮೊದಲು ವೈದ್ಯರನ್ನು ಕಾಣಿ. ಬಾಗುವಾ ಹಂತಕ್ಕೆ ಬಂದಾಗ ಇದು ಇನ್ನೂ ಮುಖ್ಯ.

ಗುರು ಬೇಕು. ವಿಡಿಯೊ ನೋಡಿ ವರಸೆಯ ಆಕಾರವನ್ನು ಕಲಿಯಬಹುದು, ಆದರೆ ಭುಜದಲ್ಲಿ ಅಡಗಿರುವ ಬಿಗಿತವನ್ನು ಇನ್ನೊಬ್ಬರ ಕೈಯೇ ಹಿಡಿಯಬೇಕು. ತಾನು ಯಾರಿಂದ ಕಲಿತೆನೆಂದು ನೇರವಾಗಿ ಹೇಳುವವರನ್ನು, ನಿಮ್ಮೊಂದಿಗೆ ಕೈಗೆ ಕೈ ತಾಗಿಸಿ ಅಭ್ಯಾಸ ಮಾಡಲು ಒಪ್ಪುವವರನ್ನು ಹುಡುಕಿ. ಮುಟ್ಟದೆಯೇ ಎದುರಾಳಿಯನ್ನು ಹಾರಿಸುತ್ತೇನೆ ಎನ್ನುವವರ ಹತ್ತಿರ ಹೋಗಬೇಡಿ. ಅಂಥ ಪ್ರದರ್ಶನದಲ್ಲಿ ಹಾರುವವರು ಗುರುವಿನ ಶಿಷ್ಯರು ಮಾತ್ರ.

ಹಂತ 1: ನಿಲ್ಲಲು ಕಲಿಯಿರಿ

ಮೂರಕ್ಕೂ ಸಮಾನವಾದ ತಳಪಾಯ ‘ಜಾನ್ ಜುವಾಂಗ್’, ಅಂದರೆ ಕಂಬದಂತೆ ಅಲುಗಾಡದೆ ನಿಲ್ಲುವ ಅಭ್ಯಾಸ. ಪಾದಗಳ ನಡುವೆ ಭುಜದಷ್ಟು ಅಗಲ, ಬೆರಳುಗಳು ನೇರ ಮುಂದಕ್ಕೆ. ಮಂಡಿ ತುಸುವೇ ಬಾಗಿರಲಿ, ಹೆಬ್ಬೆರಳನ್ನು ದಾಟಬಾರದು. ನೆತ್ತಿ ಮೇಲಕ್ಕೆ, ಬಾಲಮೂಳೆ ಕೆಳಕ್ಕೆ. ದೊಡ್ಡ ಮರವನ್ನು ತಬ್ಬಿದಂತೆ ತೋಳುಗಳನ್ನು ಎದೆಯ ಮುಂದೆ ದುಂಡಗೆ ಹಿಡಿಯಿರಿ. ಮೊಣಕೈ ಭುಜಕ್ಕಿಂತ ಕೆಳಗಿರಲಿ. ಉಸಿರು ತನ್ನಷ್ಟಕ್ಕೆ ತಾನು ಮೂಗಿನಲ್ಲಿ ಆಡಲಿ.

ಐದು ನಿಮಿಷದಿಂದ ಆರಂಭಿಸಿ ನಿಧಾನವಾಗಿ ಹದಿನೈದಕ್ಕೆ ಏರಿಸಿ. ತೊಡೆ ಉರಿಯುವುದು, ಕೈ ನಡುಗುವುದು ಸಹಜ. ಮಂಡಿಯ ಕೀಲಿನೊಳಗೆ ನೋವು ಬಂದರೆ ಅದು ಸಹಜವಲ್ಲ, ಕೂಡಲೇ ಎತ್ತರಕ್ಕೆ ಬನ್ನಿ. ಎಷ್ಟು ಕೆಳಗೆ ಕುಳಿತೆ ಎಂದು ಹೆಮ್ಮೆಪಡುವವರು ಬಹುಮಂದಿ. ಇದು ಆಳದ ಪರೀಕ್ಷೆಯಲ್ಲ.

ನಿಂತಾಗ ನೋಡಿಕೊಳ್ಳಬೇಕಾದ ಅಂಶವನ್ನು ‘ಆರು ಹೊಂದಾಣಿಕೆ’ ಎಂಬ ಸೂತ್ರ ಹೇಳುತ್ತದೆ. ಹೊರಗಿನ ಮೂರು: ಕೈಗೆ ಪಾದ, ಮೊಣಕೈಗೆ ಮಂಡಿ, ಭುಜಕ್ಕೆ ಸೊಂಟದ ಕೀಲು ಹೊಂದಬೇಕು. ಒಳಗಿನ ಮೂರು: ಮನಸ್ಸಿಗೆ ಸಂಕಲ್ಪ, ಸಂಕಲ್ಪಕ್ಕೆ ಚಿ (ಪ್ರಾಣಶಕ್ತಿ ಎನ್ನುತ್ತಾರೆ), ಚಿಗೆ ಬಲ. ‘ಚಿ’ ಎಂದರೇನು ಎಂಬ ಚರ್ಚೆಯಲ್ಲಿ ಈ ಹಂತದಲ್ಲಿ ಸಮಯ ಕಳೆಯಬೇಡಿ. ಹೊರಗಿನ ಮೂರನ್ನು ಸರಿಮಾಡುವುದಕ್ಕೇ ತಿಂಗಳುಗಳು ಬೇಕು.

ಹಂತ 2: ಒಂದನ್ನು ಆರಿಸಿ ಒಂದು ವರ್ಷ ಅಲ್ಲೇ ಇರಿ

ಸುನ್ ಲುಟಾಂಗ್ ನಡೆದ ಕ್ರಮದಲ್ಲಿ ಶಿಂಗ್‌ಯಿ ಮೊದಲು. ಚಲನೆಗಳು ಕಡಿಮೆ, ಗೆರೆ ನೇರ, ತಪ್ಪು ಬೇಗ ಕಾಣುತ್ತದೆ. ಆಯ್ಕೆ ನಿಮ್ಮ ಕೈಯಲ್ಲಿದ್ದರೆ ನಾನೂ ಅದನ್ನೇ ಹೇಳುತ್ತೇನೆ. ಆದರೆ ಹೆಚ್ಚಿನ ಊರುಗಳಲ್ಲಿ ಸಿಗುವುದು ತೈಚಿ ಗುರುಗಳು ಮಾತ್ರ. ಒಳ್ಳೆಯ ತೈಚಿ ಗುರು ಹತ್ತಿರದಲ್ಲಿರುವಾಗ, ದೂರದ ಶಿಂಗ್‌ಯಿ ಗುರುವಿನ ವಿಡಿಯೊಗಳ ಹಿಂದೆ ಬೀಳುವುದು ವ್ಯರ್ಥ. ಗುರು ಸಿಕ್ಕ ಕಲೆಯೇ ನಿಮ್ಮ ಮೊದಲ ಕಲೆ.

ಬಾಗುವಾದಿಂದ ಆರಂಭಿಸಬೇಡಿ ಎಂದು ಮಾತ್ರ ಖಂಡಿತವಾಗಿ ಹೇಳುತ್ತೇನೆ. ದೊಂಗ್ ಹೈಚುವಾನ್‌ನ ಹೆಸರಾಂತ ಶಿಷ್ಯರು ಬರಿಗೈಯಲ್ಲಿ ಬಂದವರಲ್ಲ. ಯಿನ್ ಫು ಮೊದಲೇ ಬೇರೆ ಶೈಲಿಯಲ್ಲಿ ಪಳಗಿದ್ದ. ಕನ್ನಡಕದ ವ್ಯಾಪಾರಿಯಾಗಿದ್ದ ಚೆಂಗ್ ಟಿಂಗ್‌ಹುವಾ ಚೀನೀ ಕುಸ್ತಿ ಬಲ್ಲವನು. ಇದ್ದ ಬಲಕ್ಕೆ ಬಾಗುವಾ ಚಲನೆಯನ್ನು ಸೇರಿಸಿತು. ಬಲವೇ ಇಲ್ಲದವರಿಗೆ ಸೇರಿಸಲು ಏನೂ ಇರುವುದಿಲ್ಲ.

ತೈಚಿ ಆರಿಸಿದರೆ 1956ರಲ್ಲಿ ಚೀನಾದಲ್ಲಿ ರೂಪಿಸಿದ 24 ಚಲನೆಗಳ ಸಂಕ್ಷಿಪ್ತ ವರಸೆ ಮೊದಲ ವರ್ಷಕ್ಕೆ ಸಾಕಷ್ಟಾಯಿತು. ಅದು ಯಾಂಗ್ ಶೈಲಿಯಿಂದ ತೆಗೆದದ್ದು. ನಿಧಾನ ಚಲನೆಯೇ ಗುರಿ ಎಂದುಕೊಳ್ಳಬೇಡಿ. ತೂಕ ಒಂದು ಕಾಲಿನಿಂದ ಇನ್ನೊಂದಕ್ಕೆ ಯಾವಾಗ, ಎಷ್ಟು ಹೋಯಿತು ಎಂದು ಗಮನಿಸಲು ನಿಧಾನ ಬೇಕು, ಅಷ್ಟೇ.

ಹಂತ 3: ಕೈಗೆ ಕೈ ತಾಗಿಸಿ

‘ತುಯ್ ಶೌ’, ಇಬ್ಬರು ಮುಂಗೈಗಳನ್ನು ತಾಗಿಸಿಕೊಂಡು ಒಬ್ಬರ ಬಲವನ್ನು ಇನ್ನೊಬ್ಬರು ಅಳೆಯುವ ತೈಚಿಯ ಜೋಡಿ ಅಭ್ಯಾಸ. ಒಂದೇ ಕೈಯಿಂದ, ಪಾದ ಕದಲಿಸದೆ ಆರಂಭಿಸಿ. ನಾಲ್ಕು ಮೂಲ ಬಲಗಳನ್ನು ಇಲ್ಲಿ ಕಲಿಯುತ್ತೀರಿ: ‘ಪೆಂಗ್’ (ಒಳಗಿನಿಂದ ಹೊರಕ್ಕೆ ಉಬ್ಬಿ ತಡೆಯುವುದು), ‘ಲ್ಯು’ (ಬಂದದ್ದನ್ನು ಪಕ್ಕಕ್ಕೆ ಹರಿಸುವುದು), ‘ಜಿ’ (ಒತ್ತಿ ಒಳಸೇರುವುದು), ‘ಆನ್’ (ಕೆಳಮುಖವಾಗಿ ಅದುಮಿ ತಳ್ಳುವುದು).

ಇಲ್ಲಿ ಎಲ್ಲರೂ ಮಾಡುವ ತಪ್ಪು ಗೆಲ್ಲಲು ಹೊರಡುವುದು. ಭುಜ ಏರಿತು, ಮೈ ಮುಂದಕ್ಕೆ ವಾಲಿತು ಎಂದರೆ ನೀವು ಕುಸ್ತಿ ಆಡುತ್ತಿದ್ದೀರಿ, ಅದೂ ಕೆಟ್ಟ ಕುಸ್ತಿ. ಇದಕ್ಕೆ ವಿರುದ್ಧವಾದ ತಪ್ಪೂ ಇದೆ: ‘ಮೃದು’ವಾಗಿರಬೇಕೆಂದು ತೋಳನ್ನು ಜೋಲುಬಿಡುವುದು. ಪೆಂಗ್ ಇಲ್ಲದ ಮೃದುತನಕ್ಕೆ ಬೆಲೆಯಿಲ್ಲ, ಎದುರಾಳಿಯ ಕೈ ನೇರ ನಿಮ್ಮ ಎದೆಗೇ ಬರುತ್ತದೆ.

ಶಿಂಗ್‌ಯಿ ಅಥವಾ ಬಾಗುವಾ ಕಲಿಯುತ್ತಿರುವವರೂ ಈ ಹಂತವನ್ನು ಬಿಡಬೇಡಿ. ನಿಮ್ಮ ಕೊರತೆ ಎಲ್ಲಿದೆ ಎಂದು ತೋರಿಸುವ ಜಾಗ ಇದು. ತಳ್ಳಲು ಸಿಕ್ಕಾಗಲೂ ಬಲ ಹೊಮ್ಮುವುದಿಲ್ಲವೇ? ನಾಲ್ಕನೆಯ ಹಂತಕ್ಕೆ ಹೋಗಿ. ಮೂಲೆಗೆ ಸಿಕ್ಕಿ ನಿಂತಲ್ಲೇ ಉಳಿಯುತ್ತಿದ್ದೀರಾ? ಐದನೆಯದಕ್ಕೆ.

ಹಂತ 4: ಶಿಂಗ್‌ಯಿಯಿಂದ ಎರಡೇ ವಸ್ತು

ಶಿಂಗ್‌ಯಿಯಲ್ಲಿ ಐದು ಮೂಲ ಮುಷ್ಟಿಗಳಿವೆ. ಪ್ರತಿಯೊಂದಕ್ಕೂ ಪಂಚಧಾತುಗಳ ಒಂದೊಂದು ಹೆಸರು ಅಂಟಿದೆ. ಪಿ (ಲೋಹ), ಜುವಾನ್ (ನೀರು), ಬೆಂಗ್ (ಮರ), ಪಾವ್ (ಬೆಂಕಿ), ಹೆಂಗ್ (ಮಣ್ಣು). ಆಮೇಲೆ ಹನ್ನೆರಡು ಪ್ರಾಣಿಗಳ ಚಲನೆಗಳು. ಅಷ್ಟನ್ನೂ ಹೊತ್ತುಕೊಳ್ಳಬೇಡಿ. ‘ಸಾಂತಿಶಿ’ ನಿಲುವು ಮತ್ತು ‘ಪಿ’ ಮುಷ್ಟಿ ಸಾಕು.

ಸಾಂತಿಶಿಗೆ ಹಿಂಗಾಲನ್ನು ಸುಮಾರು 45 ಡಿಗ್ರಿ ಹೊರಕ್ಕೆ ತಿರುಗಿಸಿ, ಮುಂಗಾಲನ್ನು ನೇರ ಮುಂದಿಡಿ. ಸರಿಸುಮಾರು ಮೂರರಲ್ಲಿ ಎರಡು ಪಾಲು ತೂಕ ಹಿಂಗಾಲಿನ ಮೇಲಿರಲಿ. ಮುಂದಿನ ಕೈ ಭುಜದ ಎತ್ತರದಲ್ಲಿ, ಅಂಗೈ ಮುಂದಕ್ಕೆ, ತೋರುಬೆರಳು ಮೇಲಕ್ಕೆ, ಮೊಣಕೈ ಕೆಳಕ್ಕೆ. ಹಿಂದಿನ ಕೈ ಹೊಕ್ಕುಳ ಬಳಿ. ಮೂಗಿನ ತುದಿ, ಮುಂಗೈ ಬೆರಳತುದಿ, ಮುಂಗಾಲ ಬೆರಳತುದಿ ಮೂರೂ ಒಂದೇ ಲಂಬ ಗೆರೆಯಲ್ಲಿ ಬರಬೇಕು. ಕನ್ನಡಿಯ ಮುಂದೆ ನಿಂತು ಪರೀಕ್ಷಿಸಿ. ಎರಡೂ ಬದಿಗೆ ಮೂರು ಮೂರು ನಿಮಿಷ.

ಪಿ ಎಂದರೆ ಕೊಡಲಿಯಿಂದ ಸೀಳುವ ಚಲನೆ. ಮುಂದಿನ ಕೈಯನ್ನು ಮುಷ್ಟಿ ಕಟ್ಟಿ ಹೊಕ್ಕುಳಿನತ್ತ ಎಳೆದುಕೊಂಡು, ಎದೆಯ ನಡುಗೆರೆಯಲ್ಲೇ ತಿರುಚುತ್ತಾ ಮೂಗಿನ ಎತ್ತರಕ್ಕೆ ಮುಂದೆ ಹೊರಡಿಸಿ. ಇನ್ನೊಂದು ಕೈ ಅದೇ ತೋಳಿನ ಮೇಲೆ ಸರಿದು ಬಂದು, ತೆರೆದು, ಮುಂದಕ್ಕೂ ಕೆಳಕ್ಕೂ ಸೀಳುತ್ತದೆ. ಅದೇ ಕ್ಷಣದಲ್ಲಿ ಅದೇ ಬದಿಯ ಪಾದ ಮುಂದೆ ಬೀಳುತ್ತದೆ, ಹಿಂಗಾಲು ಅರ್ಧ ಹೆಜ್ಜೆ ಹಿಂಬಾಲಿಸುತ್ತದೆ. ಕೈ ಮತ್ತು ಪಾದ ಒಟ್ಟಿಗೆ ತಲುಪಬೇಕು. ಕೈ ಮೊದಲು, ಪಾದ ಆಮೇಲೆ ಆದರೆ ಅದು ಬರೀ ತೋಳಿನ ಬಲ. ಪಾದ ಮೊದಲಾದರೆ ಬಲ ನೆಲಕ್ಕೆ ಬಿದ್ದುಹೋಗುತ್ತದೆ. ನೇರ ಗೆರೆಯಲ್ಲಿ ಹತ್ತು ಹೆಜ್ಜೆ ಹೋಗಿ, ತಿರುಗಿ ಬನ್ನಿ. ನೋಡುವವರಿಗೂ ಮಾಡುವವರಿಗೂ ಬೇಸರ ತರುವ ಅಭ್ಯಾಸ. ಫಲ ಮಾತ್ರ ದೊಡ್ಡದು.

ಶಿಂಗ್‌ಯಿಯವರು ಬಲದ ಬೆಳವಣಿಗೆಯನ್ನು ಮೂರು ಮೆಟ್ಟಿಲಾಗಿ ಹೇಳುತ್ತಾರೆ: ಕಣ್ಣಿಗೆ ಕಾಣುವ ಗಡುಸು ಬಲ (ಮಿಂಗ್ ಜಿನ್), ಮರೆಯಾದ ಬಲ (ಆನ್ ಜಿನ್), ಕರಗಿ ಬದಲಾಗುವ ಬಲ (ಹುವಾ ಜಿನ್). ತೈಚಿಯಿಂದ ಬಂದವರು ಮೊದಲ ಮೆಟ್ಟಿಲನ್ನು ಹಾರಿ ಮೂರನೆಯದಕ್ಕೆ ಹೋಗಲು ನೋಡುತ್ತಾರೆ. ಹಾರಬೇಡಿ. ಒಂದಷ್ಟು ಕಾಲ ಜೋರಾಗಿ, ಸ್ಪಷ್ಟವಾಗಿ ಹೊಡೆಯಿರಿ.

ನಿಲುವುಗಳನ್ನು ಬೆರೆಸಬೇಡಿ ಎಂಬ ಎಚ್ಚರಿಕೆಯೂ ಇಲ್ಲಿಗೇ ಸೇರುತ್ತದೆ. ಯಾಂಗ್ ತೈಚಿಯ ಬಿಲ್ಲು ನಿಲುವಿನಲ್ಲಿ ಹೆಚ್ಚಿನ ತೂಕ ಮುಂಗಾಲಿನ ಮೇಲೆ. ಸಾಂತಿಶಿಯಲ್ಲಿ ಹಿಂಗಾಲಿನ ಮೇಲೆ. ಒಂದೇ ಬೆಳಗ್ಗೆ ಎರಡನ್ನೂ ಬೆನ್ನುಬೆನ್ನಿಗೆ ಮಾಡಿದರೆ ಆರಂಭದಲ್ಲಿ ಎರಡೂ ಕೆಡುತ್ತವೆ. ಬೇರೆ ಬೇರೆ ದಿನಗಳಲ್ಲಿ ಮಾಡಿ.

ಹಂತ 5: ವೃತ್ತದಲ್ಲಿ ನಡೆಯಿರಿ

ನೆಲದ ಮೇಲೆ ಸುಣ್ಣದಪುಡಿಯಲ್ಲೋ ಸೀಮೆಸುಣ್ಣದಲ್ಲೋ ಎಂಟರಿಂದ ಹತ್ತು ಅಡಿ ವ್ಯಾಸದ ವೃತ್ತ ಬರೆಯಿರಿ. ಮಂಡಿ ತುಸು ಬಾಗಿಸಿ ಗೆರೆಯ ಮೇಲೆ ನಡೆಯಿರಿ. ಒಳಗಿನ ಪಾದ ನೇರ ಮುಂದಕ್ಕೆ, ಹೊರಗಿನ ಪಾದ ತುಸು ಒಳಕ್ಕೆ ತಿರುಗಿ ಬೀಳಬೇಕು. ಹಿಮ್ಮಡಿ ಮೊದಲು ಊರುವ ನಮ್ಮ ದಿನನಿತ್ಯದ ನಡಿಗೆ ಇಲ್ಲಿ ಸಲ್ಲದು. ಇಡೀ ಅಂಗಾಲು ನೆಲಕ್ಕೆ ಸಮವಾಗಿ ಸರಿದು ಊರಬೇಕು. ಇದಕ್ಕೆ ‘ಕೆಸರು ನಡಿಗೆ’ ಎನ್ನುತ್ತಾರೆ. ತಲೆಯ ಎತ್ತರ ಏರಿಳಿಯಬಾರದು. ಮೊದಲ ತಿಂಗಳು ಕೈಗಳನ್ನು ಕೆಳಗೇ ಬಿಟ್ಟಿರಿ. ಆಮೇಲೆ ಒಳಗಿನ ಕೈಯನ್ನು ಕೇಂದ್ರದತ್ತ ಚಾಚಿ, ಸೊಂಟದಿಂದ ತಿರುಗಿ, ತೋರುಬೆರಳಿನ ಮೇಲೆ ದೃಷ್ಟಿ ಇಡಿ. ತಲೆ ಸುತ್ತುವುದು ಇದರಿಂದ ಕಡಿಮೆಯಾಗುತ್ತದೆ.

ದಿಕ್ಕು ಬದಲಿಸಲು ಎರಡು ಹೆಜ್ಜೆಗಳಿವೆ. ‘ಕೌ ಬು’ವಿನಲ್ಲಿ ಹೊರಗಿನ ಪಾದವನ್ನು ಒಳಕ್ಕೆ ಕೊಕ್ಕೆಯಂತೆ ತಿರುಗಿಸಿ ಇಡುತ್ತೀರಿ, ‘ಬೈ ಬು’ವಿನಲ್ಲಿ ಇನ್ನೊಂದನ್ನು ಹೊರಕ್ಕೆ ತೆರೆದು ಇಡುತ್ತೀರಿ. ಈ ಎರಡರ ಮೇಲೆ ಕಟ್ಟಿದ ‘ಒಂಟಿ ಅಂಗೈ ಬದಲಾವಣೆ’ಯೇ ಬಾಗುವಾದ ಬೀಜ. ಅದಷ್ಟನ್ನೇ ಕಲಿಯಿರಿ.

ಮಂಡಿ ಹಾಳಾಗುವುದು ಇಲ್ಲಿಯೇ. ತೂಕ ಬಿದ್ದ ಪಾದವನ್ನು ನೆಲಕ್ಕೆ ಕಚ್ಚಿಸಿಟ್ಟು ಮೇಲಿನ ಮೈಯನ್ನು ತಿರುಗಿಸಿದರೆ ತಿರುಚು ಪೂರ್ತಿ ಮಂಡಿಯ ಮೇಲೆ ಬೀಳುತ್ತದೆ. ಪಾದ ಗಾಳಿಯಲ್ಲಿರುವಾಗಲೇ ತೊಡೆಸಂದಿನಿಂದ ತಿರುಗಿಸಿ, ಆಮೇಲೆ ಇಡಿ, ಆಮೇಲೆ ತೂಕ ಹಾಕಿ. ಸೊಂಟದ ಕೀಲು ಎಷ್ಟು ತೆರೆಯುತ್ತದೆಯೋ ಪಾದ ಅಷ್ಟೇ ತಿರುಗಲಿ. ಎಡಕ್ಕೆ ಎಷ್ಟು ಸುತ್ತೋ ಬಲಕ್ಕೂ ಅಷ್ಟೇ. ಒಂದು ಬದಿ ಸುಲಭ ಎನಿಸುತ್ತದೆ, ಮನಸ್ಸು ಆ ಕಡೆಗೇ ಎಳೆಯುತ್ತದೆ. ಕಷ್ಟದ ಬದಿಯಿಂದಲೇ ಆರಂಭಿಸಿ.

ಹಂತ 6: ಜೋಡಿಸುವುದು

ಮತ್ತೆ ತುಯ್ ಶೌಗೆ ಬನ್ನಿ, ಈ ಸಲ ಹೆಜ್ಜೆ ಕದಲಿಸಲು ಇಬ್ಬರಿಗೂ ಅನುಮತಿ ಇರಲಿ. ಜೊತೆಗಾರರಿಗೆ ಮೊದಲೇ ಹೇಳಿ ಒಂದು ಸುತ್ತಿಗೆ ಒಂದೇ ವಿಷಯ ಇಟ್ಟುಕೊಳ್ಳಿ. ಒಂದು ಸುತ್ತಿನಲ್ಲಿ ಬರುವ ಬಲವನ್ನು ಹರಿಸಿದ ಕೂಡಲೇ ಪಿ ಹೆಜ್ಜೆಯಿಂದ ಒಳಹೋಗುವುದು. ಇನ್ನೊಂದರಲ್ಲಿ ದಾರಿ ಮುಚ್ಚಿದೆ ಎಂದು ಕೈಗೆ ತಿಳಿದ ಕ್ಷಣ ಕೌ-ಬೈ ಹೆಜ್ಜೆಯಿಂದ ಪಕ್ಕಕ್ಕೆ ಬರುವುದು. ಮೂರನೆಯದರಲ್ಲಿ ಜೊತೆಗಾರರು ಎರಡರಲ್ಲಿ ಯಾವ ಬಲವನ್ನಾದರೂ ಕೊಡಲಿ. ಒಳಗೋ ಪಕ್ಕಕ್ಕೋ ಎಂಬುದನ್ನು ನಿಮ್ಮ ಕೈ ನಿರ್ಧರಿಸಲಿ. ತೈಚಿಯ ಆಲಿಸುವಿಕೆ ಇಲ್ಲದಿದ್ದರೆ ಉಳಿದೆರಡರಲ್ಲಿ ಯಾವುದನ್ನು ಬಳಸಬೇಕೆಂದೇ ತಿಳಿಯುವುದಿಲ್ಲ. ಇದೆಲ್ಲವೂ ಅರ್ಧ ವೇಗದಲ್ಲಿ ನಡೆಯಲಿ. ಹೊಡೆತವನ್ನು ತಳ್ಳಾಗಿ ಬದಲಿಸಿಕೊಳ್ಳಿ, ಕುತ್ತಿಗೆಯಿಂದ ಮೇಲಕ್ಕೆ ಕೈ ಹೋಗಬಾರದು.

ವಾರದ ಹಂಚಿಕೆ

ತೈಚಿ ಮೊದಲ ಕಲೆಯಾಗಿ ಎರಡನೆಯ ವರ್ಷದಲ್ಲಿ ಇರುವವರಿಗೆ ನಾನು ಹೇಳುವ ಹಂಚಿಕೆ ಹೀಗಿದೆ. ಪ್ರತಿದಿನ ಹತ್ತು ನಿಮಿಷ ನಿಲ್ಲುವುದು. ಸೋಮವಾರ, ಬುಧವಾರ, ಶುಕ್ರವಾರ ತೈಚಿ ವರಸೆ. ಮಂಗಳವಾರ, ಗುರುವಾರ ಸಾಂತಿಶಿ ಮತ್ತು ಪಿ. ಶನಿವಾರ ಗುರುವಿನ ಬಳಿ ತುಯ್ ಶೌ. ಭಾನುವಾರ ವಿಶ್ರಾಂತಿ. ಆರು ತಿಂಗಳ ಬಳಿಕ ಮಂಗಳವಾರವನ್ನು ವೃತ್ತದ ನಡಿಗೆಗೆ ಬಿಟ್ಟುಕೊಡಿ. ಅರವತ್ತು ದಾಟಿದವರು, ಮಂಡಿ ನೋವಿರುವವರು ಐದನೆಯ ಹಂತವನ್ನು ಪೂರ್ತಿ ಬಿಟ್ಟು, ಎತ್ತರದ ನಿಲುವಿನ ಸುನ್ ಶೈಲಿಯ ತೈಚಿ ಕಲಿಸುವವರು ಸಿಗುತ್ತಾರೆಯೇ ಎಂದು ವಿಚಾರಿಸಿ. ಹಿಂಗಾಲು ಹಿಂಬಾಲಿಸುವ ಹೆಜ್ಜೆ ಅದರಲ್ಲಿ ಮೊದಲಿನಿಂದಲೇ ಇದೆ, ಬೇರೆಯಾಗಿ ಸೇರಿಸುವ ಕೆಲಸ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ.